ಅಗ್ಗದ ನೇಲ್ ಪಾಲಿಶ್: ಅಂಗಡಿಯಲ್ಲಿ ಏನೇನು ನೋಡಿ ಕೊಳ್ಳಬೇಕು?

ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಸಂಜೆ ಒಂದು ಸುತ್ತು ಹಾಕಿದರೆ ಫ್ಯಾನ್ಸಿ ಸ್ಟೋರ್‌ಗಳ ಮುಂದಿನ ಟ್ರೇಗಳಲ್ಲಿ ನೇಲ್ ಪಾಲಿಶ್ ರಾಶಿ ಕಾಣುತ್ತದೆ. ‘ಯಾವುದು ತಗೊಂಡರೂ ಒಂದೇ ರೇಟು’ ಎಂದು ಬೋರ್ಡ್ ಹಾಕಿದ ಅಂಗಡಿಯಲ್ಲೂ ಇದೆ, ದಿನಸಿಗೆಂದು ಹೋಗುವ ಡಿಸ್ಕೌಂಟ್ ಮಳಿಗೆಯಲ್ಲೂ ಇದೆ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆಗೆ ಹೋದರೆ ಬಳೆ ಅಂಗಡಿಯಲ್ಲೂ ಸಿಗುತ್ತದೆ.

ಬೆಲೆ ಕಡಿಮೆ ಎಂದ ಮಾತ್ರಕ್ಕೆ ಮಾಲು ಕಳಪೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ದುಬಾರಿ ಬಾಟಲಿಯಲ್ಲೂ ಅಗ್ಗದ ಬಾಟಲಿಯಲ್ಲೂ ಮೂಲ ಸಾಮಗ್ರಿ ಹೆಚ್ಚು ಕಡಿಮೆ ಒಂದೇ. ಉಗುರಿನ ಮೇಲೆ ಪದರವಾಗಿ ಕೂರುವ ನೈಟ್ರೋಸೆಲ್ಯುಲೋಸ್, ಅದನ್ನು ಕರಗಿಸಿಡುವ ಈಥೈಲ್ ಅಸಿಟೇಟ್ ಮತ್ತು ಬ್ಯುಟೈಲ್ ಅಸಿಟೇಟ್, ಜೊತೆಗೆ ಬಣ್ಣ. ಯಾರು ತಯಾರಿಸಿದ್ದಾರೆ, ಎಷ್ಟು ಹಳೆಯದು, ಅಂಗಡಿಯವರು ಎಲ್ಲಿ ಇಟ್ಟಿದ್ದರು ಎನ್ನುವುದು ಮುಖ್ಯ. ಅದನ್ನು ಬಾಟಲಿ ಕೈಗೆತ್ತಿಕೊಂಡೇ ತಿಳಿಯಬಹುದು.

ಮೊದಲು ಲೇಬಲ್, ಆಮೇಲೆ ಬಣ್ಣ

ಕಣ್ಣು ಮೊದಲು ಬಣ್ಣಕ್ಕೇ ಹೋಗುತ್ತದೆ, ಅಲ್ವಾ? ಆದರೂ ಬಾಟಲಿ ತಿರುಗಿಸಿ ಹಿಂಬದಿ ಅಥವಾ ತಳ ನೋಡಿ. ಅಕ್ಷರ ತೀರಾ ಚಿಕ್ಕದಾಗಿದ್ದರೆ ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ತಯಾರಕರ ಹೆಸರು, ಊರು, ಬ್ಯಾಚ್ ನಂಬರ್, ತಯಾರಾದ ತಿಂಗಳು ಮತ್ತು ವರ್ಷ, ಯಾವಾಗಿನವರೆಗೆ ಬಳಸಬಹುದು ಎಂಬ ದಿನಾಂಕ, ಎಷ್ಟು ಎಂ.ಎಲ್., ಎಂ.ಆರ್‌.ಪಿ. ಇವೆಲ್ಲ ಇವೆಯೇ ಎಂದು ಗಮನಿಸಿ. ನಮ್ಮ ದೇಶದಲ್ಲೇ ತಯಾರಾಗಿದ್ದರೆ ತಯಾರಿಕಾ ಲೈಸೆನ್ಸ್ ನಂಬರ್ ಇರುತ್ತದೆ. ಹೊರದೇಶದಿಂದ ಬಂದಿದ್ದರೆ ಆಮದು ಮಾಡಿದವರ ಹೆಸರು, ವಿಳಾಸ ಮತ್ತು ನೋಂದಣಿ ನಂಬರ್ ಇರಬೇಕು. ಲೈಸೆನ್ಸ್ ಮತ್ತು ಆಮದಿನ ಈ ವಿವರ ಇರಬೇಕು ಎಂದು 2020ರ ಸೌಂದರ್ಯವರ್ಧಕ ನಿಯಮಗಳಲ್ಲಿ ಇದೆ.

ಏನೇನು ಹಾಕಿದ್ದಾರೆ ಎಂಬ ಪಟ್ಟಿ ಪುಟ್ಟ ಬಾಟಲಿಯಲ್ಲಿ ಇಲ್ಲದೆ ಇರಬಹುದು. 60 ಎಂ.ಎಲ್‌.ಗಿಂತ ಚಿಕ್ಕ ಪ್ಯಾಕ್‌ಗೆ ಆ ವಿನಾಯಿತಿ ಇದೆ. ಹಾಗಾಗಿ ಪಟ್ಟಿ ಇಲ್ಲ ಎಂದು ಅನುಮಾನ ಪಡಬೇಕಿಲ್ಲ. ತಯಾರಕರ ಹೆಸರೇ ಇಲ್ಲದಿದ್ದರೆ ಬಾಟಲಿ ವಾಪಸ್ ಇಟ್ಟುಬಿಡಿ. ಹೆಸರಾಂತ ಬ್ರ್ಯಾಂಡ್‌ನ ಹೆಸರಲ್ಲೇ ಒಂದಕ್ಷರ ಬದಲಿಸಿ ಮಾರುವ ಮಾಲೂ ಅದೇ ಟ್ರೇನಲ್ಲಿ ಇರಬಹುದು. ಹೆಸರನ್ನು ಅಕ್ಷರ ಬಿಡಿಸಿ ಓದಿ.

ಕೆಲವು ಬಾಟಲಿಗಳ ಮೇಲೆ ‘3 ಫ್ರೀ’, ‘5 ಫ್ರೀ’ ಎಂದು ಬರೆದಿರುತ್ತಾರೆ. ಫಾರ್ಮಾಲ್ಡಿಹೈಡ್, ಟಾಲ್ವೀನ್, ಡೈಬ್ಯುಟೈಲ್ ಥ್ಯಾಲೇಟ್ ಎಂಬ ಮೂರು ರಾಸಾಯನಿಕ ಹಾಕಿಲ್ಲ ಎಂಬುದು ‘3 ಫ್ರೀ’ಗೆ ಸಾಮಾನ್ಯವಾಗಿ ಇರುವ ಅರ್ಥ. ಒಳ್ಳೆಯದೇ. ಅದರಿಂದ ಮುಂದಿನ ಸಂಖ್ಯೆಗಳಿಗೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ನಂಬರ್ ದೊಡ್ಡದಿದೆ ಎಂದು ಜಾಸ್ತಿ ದುಡ್ಡು ಕೊಡಬೇಡಿ.

ಬೆಲೆಯನ್ನು ಎಂ.ಎಲ್‌. ಲೆಕ್ಕದಲ್ಲಿ ನೋಡಿ

5 ಎಂ.ಎಲ್‌. ಬಾಟಲಿ 40 ರೂಪಾಯಿ, 9 ಎಂ.ಎಲ್‌. ಬಾಟಲಿ 60 ರೂಪಾಯಿ ಇದೆ ಅಂದುಕೊಳ್ಳಿ. ಮೊದಲನೆಯದು ಎಂ.ಎಲ್‌.ಗೆ 8 ರೂಪಾಯಿ ಬಿತ್ತು, ಎರಡನೆಯದು 7 ರೂಪಾಯಿಯೂ ಇಲ್ಲ. ಆದರೆ ಹಬ್ಬಕ್ಕೊಮ್ಮೆ ಹಚ್ಚುವ ಹಸಿರು, ನೀಲಿಗೆ ಚಿಕ್ಕ ಬಾಟಲಿಯೇ ಸರಿ. ದೊಡ್ಡದು ತಂದರೆ ಅರ್ಧ ಒಣಗಿ ಹೋಗುತ್ತದೆ.

‘50% ರಿಯಾಯಿತಿ’ ಎಂದಿದ್ದರೆ ಎಂ.ಆರ್‌.ಪಿ. ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿದ್ದಾರೆಯೇ ನೋಡಿ. ಮೂಲ ಬೆಲೆ ಮುಚ್ಚಿ ಜಾಸ್ತಿ ಬೆಲೆಯ ಸ್ಟಿಕ್ಕರ್ ಹಾಕುವಂತಿಲ್ಲ. ಎಂ.ಆರ್‌.ಪಿ.ಗಿಂತ ಹೆಚ್ಚು ಕೇಳಿದರೆ ಬಿಲ್ ಇಟ್ಟುಕೊಂಡು 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಇಪ್ಪತ್ತು ರೂಪಾಯಿ ವಿಷಯಕ್ಕೆ ಯಾಕೆ ಎಂದು ಸುಮ್ಮನಾಗಬೇಡಿ. ಅದು ನಿಮ್ಮ ದುಡ್ಡು.

ಬಾಟಲಿ ಪರೀಕ್ಷೆ

ಹಗಲಿನಲ್ಲಿ ಹೋಗಿ. ಅಂಗಡಿಯ ಎಲ್‌ಇಡಿ ಬೆಳಕಿನಲ್ಲಿ ಕಂದು, ಮರೂನ್, ಕಡುಗೆಂಪು ಒಂದೇ ಥರ ಕಾಣುತ್ತವೆ. ಅಂಗಡಿಯವರಿಗೆ ಹೇಳಿ ಬಾಗಿಲ ಹತ್ತಿರ ತಂದು ನೋಡಿ. ಆಮೇಲೆ ಬಾಟಲಿಯನ್ನು ನಿಧಾನಕ್ಕೆ ಓರೆ ಮಾಡಿ. ದ್ರವ ಸರಾಗವಾಗಿ ಹರಿಯಬೇಕು. ಜೋನಿ ಬೆಲ್ಲದ ಹಾಗೆ ಎಳೆ ಎಳೆಯಾಗಿ ಇಳಿದರೆ ಒಳಗಿನ ದ್ರಾವಕ ಆವಿಯಾಗಿದೆ, ಮಾಲು ಹಳೆಯದು ಎಂದರ್ಥ. ಬಣ್ಣ ತಳದಲ್ಲಿ ಕೂತು ಮೇಲೆ ತೆಳ್ಳಗಿನ ನೀರಿನಂಥ ಪದರ ನಿಂತಿರುವುದು ದೋಷವಲ್ಲ. ಅಂಗೈಗಳ ನಡುವೆ ಹೊರಳಿಸಿದರೆ ಬೆರೆಯಬೇಕು. ಒಳಗೆ ಪುಟ್ಟ ಉಕ್ಕಿನ ಗುಂಡು ಇದ್ದರೆ ಟಕ್ ಟಕ್ ಸದ್ದೂ ಬರುತ್ತದೆ. ಎಷ್ಟು ಹೊರಳಿಸಿದರೂ ಗಡ್ಡೆ ಉಳಿದರೆ ಬೇಡ.

ಮುಚ್ಚಳದ ಸುತ್ತ ಒಣಗಿದ ಬಣ್ಣ ಕಂಡರೆ ಯಾರೋ ತೆರೆದು ಹಚ್ಚಿ ನೋಡಿದ್ದಾರೆ. ಬಿಸಿಲಿಗೆ ಒಡ್ಡಿದ ಟ್ರೇ, ಗಾಜಿನ ಶೋಕೇಸಿನ ಮುಂದಿನ ಸಾಲು ಬಿಟ್ಟು ಒಳಗಿನ ಬಾಕ್ಸಿನಿಂದ ಕೊಡಿ ಎಂದು ಕೇಳಿ. ಯಾವ ಅಂಗಡಿಯವರೂ ಇದಕ್ಕೆ ಬೇಜಾರು ಮಾಡಿಕೊಳ್ಳಬಾರದು.

ಇಲ್ಲೊಂದು ಎಚ್ಚರಿಕೆ. ಅದೇ ರಾಶಿಯಲ್ಲಿ ‘ಯುವಿ ಜೆಲ್’ ಎಂದು ಬರೆದ ಬಾಟಲಿಗಳೂ ಸಿಗುತ್ತವೆ. ಅದಕ್ಕೆಂದೇ ಇರುವ ದೀಪದ ಕೆಳಗೆ ಬೆರಳು ಇಟ್ಟರೆ ಮಾತ್ರ ಅದು ಗಟ್ಟಿಯಾಗುತ್ತದೆ. ಫ್ಯಾನ್ ಕೆಳಗೆ ರಾತ್ರಿಯಿಡೀ ಕೂತರೂ ಒಣಗುವುದಿಲ್ಲ. ಅರೆಬರೆ ಗಟ್ಟಿಯಾದ ಜೆಲ್ ಚರ್ಮಕ್ಕೆ ತಾಗುತ್ತಿದ್ದರೆ ಅಲರ್ಜಿ ಬರಬಹುದು. ಮನೆಯಲ್ಲಿ ಆ ದೀಪ ಇಲ್ಲದವರು ಮುಟ್ಟಲೇಬೇಡಿ.

ಉಳಿದ ದುಡ್ಡು ಬೇಸ್ ಕೋಟ್‌ಗೆ

ಬಣ್ಣದಲ್ಲಿ ಉಳಿಸಿದ ಹಣದಲ್ಲಿ ಒಂದು ಬೇಸ್ ಕೋಟ್, ಅಂದರೆ ಬಣ್ಣಕ್ಕೂ ಮೊದಲು ಉಗುರಿಗೆ ಹಚ್ಚುವ ಪದರ, ತನ್ನಿ. ಕೆಂಪು, ಕಡುಬಣ್ಣಗಳು ಉಗುರನ್ನು ಹಳದಿ ಮಾಡುತ್ತವೆ, ಬೇಸ್ ಕೋಟ್ ಅದನ್ನು ತಡೆಯುತ್ತದೆ. ಅದರ ಮೇಲೆ ತೆಳ್ಳಗೆ ಎರಡು ಸಲ ಬಣ್ಣ ಹಚ್ಚಿ. ಮೊದಲ ಪದರ ಒಣಗಲು ಬಿಡಿ. ಉಗುರಿನ ತುದಿಗೂ ಬ್ರಷ್ ಎಳೆಯಿರಿ. ಪಾತ್ರೆ ತೊಳೆಯುವ, ಮುದ್ದೆ ಮುರಿಯುವ ಕೈಯಲ್ಲಿ ಬಣ್ಣ ಮೊದಲು ಏಳುವುದು ಆ ತುದಿಯಿಂದಲೇ.

ಹೊಸ ಬ್ರ್ಯಾಂಡ್ ಆದರೆ ಮೊದಲು ಒಂದೇ ಉಗುರಿಗೆ ಹಚ್ಚಿ ಒಂದೆರಡು ದಿನ ನೋಡಿ. ನೇಲ್ ಪಾಲಿಶ್ ಅಲರ್ಜಿ ಬೆರಳಿಗಿಂತ ಹೆಚ್ಚಾಗಿ ಕಣ್ಣಿನ ರೆಪ್ಪೆ, ಕುತ್ತಿಗೆಯಲ್ಲಿ ತುರಿಕೆಯಾಗಿ ಕಾಣಿಸುತ್ತದೆ, ಏಕೆಂದರೆ ಕೈ ಹೋಗುವುದು ಅಲ್ಲಿಗೇ. ಹೀಗಾಗಿ ಎಷ್ಟೋ ಜನ ಕಾಡಿಗೆಯ ಮೇಲೆ ತಪ್ಪು ಹೊರಿಸುತ್ತಾರೆ. ಬೆರಳು ಚೀಪುವ ಮಕ್ಕಳಿಗೆ ಹಚ್ಚುವುದು ಬೇಡ.

ಬಳಸಿದ ಮೇಲೆ ಬಾಟಲಿಯ ಕುತ್ತಿಗೆ ಒರೆಸಿ, ಬಿಗಿಯಾಗಿ ಮುಚ್ಚಿ, ನೆರಳಲ್ಲಿ ಇಡಿ. ಗಟ್ಟಿಯಾದರೆ ರಿಮೂವರ್ ಸುರಿಯಬೇಡಿ, ಬಣ್ಣ ಒಡೆದುಹೋಗುತ್ತದೆ. ನೇಲ್ ಪಾಲಿಶ್ ಥಿನ್ನರ್ ಎರಡು ಹನಿ ಸಾಕು. ಪಾಲಿಶ್, ರಿಮೂವರ್, ಥಿನ್ನರ್ ಮೂರೂ ಬೇಗ ಬೆಂಕಿ ಹಿಡಿಯುತ್ತವೆ. ಗ್ಯಾಸ್ ಒಲೆ ಉರಿಯುವ ಅಡುಗೆಮನೆಯಲ್ಲಾಗಲಿ, ದೇವರ ದೀಪದ ಪಕ್ಕದಲ್ಲಾಗಲಿ ಕೂತು ಹಚ್ಚಬೇಡಿ. ಕಿಟಕಿ ತೆರೆದಿರುವ ಕೋಣೆಯಲ್ಲಿ ಹಚ್ಚಿ.