ಹೊಕ್ಕುಳಬಳ್ಳಿ ರಕ್ತದ ಐಜಿಇ ವರದಿ: ಓದುವುದು ಹೇಗೆ, ಆಮೇಲೆ ಮಾಡುವುದೇನು

ಮಂಗಳೂರಲ್ಲಿ ಹೆರಿಗೆಯಾಗಿ ಮಂಜೇಶ್ವರಕ್ಕೋ ಬದಿಯಡ್ಕಕ್ಕೋ ಮರಳುವಾಗ ಕೆಲವರ ಫೈಲಿನಲ್ಲಿ ಮಗುವಿನ ಐಜಿಇ (ಅಲರ್ಜಿಗೆ ಸಂಬಂಧಿಸಿದ, ರಕ್ತದಲ್ಲಿರುವ ಪ್ರತಿಕಾಯ) ವರದಿಯೂ ಇರುತ್ತದೆ. ಮುಂದೆ ಅಲರ್ಜಿ ಬರುವ ಸಾಧ್ಯತೆ ಅಂದಾಜಿಸಲು ಇದನ್ನು ಹೊಕ್ಕುಳಬಳ್ಳಿಯ ರಕ್ತದಲ್ಲಿ ಅಳೆಯುತ್ತಾರೆ. ಅಂಕಿ ನೋಡಿ ಗಾಬರಿಯಾಗುವ ಮೊದಲು ರಕ್ತ ತೆಗೆದದ್ದು ಹೇಗೆಂದು ವಿಚಾರಿಸಿ.

ಬಳ್ಳಿ ಕತ್ತರಿಸಿದ ಮೇಲೆ ಅದರ ಹೊರಮೈಗೆ ಅಂಟಿದ ತಾಯಿಯ ರಕ್ತವನ್ನು ಸಲೈನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ದಪ್ಪ ರಕ್ತನಾಳಕ್ಕೆ ಸೂಜಿ ಚುಚ್ಚಿ 2–3 ಮಿ.ಲೀ. ಎಳೆಯಬೇಕು. ಬಳ್ಳಿಯನ್ನು ಹಿಂಡಿ ಟ್ಯೂಬಿಗೆ ಇಳಿಸಿದರೆ ಕೆಟ್ಟಿತು. ತಾಯಿಯ ಐಜಿಇ ಲೀಟರಿಗೆ 100 ಕಿಲೋಯೂನಿಟ್ ಇದ್ದು ಆಕೆಯ ರಕ್ತ ಶೇ. 1ರಷ್ಟು ಬೆರೆತರೂ ಮಗುವಿನ ಲೆಕ್ಕಕ್ಕೆ ಸುಮಾರು 1 ಸೇರುತ್ತದೆ. ಹಲವು ಕಡೆ ಅಪಾಯದ ಗಡಿಯೇ 0.5ರಿಂದ 0.9 ಕಿಲೋಯೂನಿಟ್. ಹಾಗಾಗಿ ಅದೇ ಮಾದರಿಯಲ್ಲಿ ಐಜಿಎ (ಇನ್ನೊಂದು ಬಗೆಯ ಪ್ರತಿಕಾಯ) ಕೂಡ ನೋಡಿಸಿ. ಹುಟ್ಟಿದ ಮಗುವಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚಿದ್ದರೆ ತಾಯಿಯ ರಕ್ತ ಬೆರೆತಿದೆ ಎಂದೇ ಲೆಕ್ಕ, ಆ ವರದಿ ಬದಿಗಿಡಿ.

ಅಳತೆಯನ್ನೂ ಗಮನಿಸಿ. ಐಯು/ಮಿ.ಲೀ. ಮತ್ತು ಕಿಲೋಯೂನಿಟ್/ಲೀ. ಎರಡೂ ಒಂದೇ, ನ್ಯಾನೋಗ್ರಾಂ/ಮಿ.ಲೀ. ಇದ್ದರೆ 2.4ರಿಂದ ಭಾಗಿಸಿ.

ಐಜಿಇ ಹೆಚ್ಚಿದ್ದರೆ ಅಲರ್ಜಿ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು, ಅಷ್ಟೇ. ಕಡಿಮೆಯಿದ್ದರೆ ಧೈರ್ಯವಾಗಿರಿ ಎನ್ನುವಂತಿಲ್ಲ: ಮುಂದೆ ಅಲರ್ಜಿ ಬರುವ ಬಹಳ ಮಕ್ಕಳಲ್ಲಿ ಹುಟ್ಟುವಾಗ ಐಜಿಇ ಕಡಿಮೆಯೇ ಇರುತ್ತದೆ. ಅಪ್ಪ, ಅಮ್ಮ, ಅಣ್ಣ, ಅಕ್ಕನಿಗೆ ದಮ್ಮು, ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸುವ ಕಾಯಿಲೆ) ಇದೆಯೇ? ಮಗುವಿನ ಕೆನ್ನೆ, ಮೊಣಕೈ ಒಣಗಿ ಕೆಂಪಾಗುತ್ತಿದೆಯೇ? ಈ ಪ್ರಶ್ನೆಗಳಿಗೇ ಹೆಚ್ಚು ಬೆಲೆ ಕೊಡಬೇಕು.

ವರದಿ ನೋಡಿ ಮೊಟ್ಟೆ, ನೆಲಕಡಲೆ, ಗೇರುಬೀಜವನ್ನು ವರ್ಷಗಟ್ಟಲೆ ದೂರವಿಡುವುದೇ ದೊಡ್ಡ ತಪ್ಪು. 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ, ಅಪಾಯ ಹೆಚ್ಚಿದ್ದ ಶಿಶುಗಳಿಗೆ 4ರಿಂದ 11 ತಿಂಗಳೊಳಗೆ ನೆಲಕಡಲೆ ತಿನ್ನಿಸಲು ತೊಡಗಿದ್ದರಿಂದ ಆ ಅಲರ್ಜಿ ಶೇ. 80ರಷ್ಟು ತಗ್ಗಿತು.

ಆರು ತಿಂಗಳ ಹೊತ್ತಿಗೆ ರಾಗಿ ಮಣ್ಣಿ ಒಗ್ಗಿದ ಮೇಲೆ, ಮಗು ಆರೋಗ್ಯವಾಗಿರುವ ದಿನ ಬೆಳಿಗ್ಗೆ, ಹುರಿದು ನುಣ್ಣಗೆ ಅರೆದ ನೆಲಕಡಲೆಯನ್ನು ಬಿಸಿನೀರಲ್ಲಿ ತೆಳುಮಾಡಿ ಚಮಚದ ತುದಿಯಷ್ಟು ಕೊಡಿ. 10 ನಿಮಿಷ ಕಾದು, ಏನೂ ಆಗದಿದ್ದರೆ ಉಳಿದದ್ದು. ಎರಡು ಗಂಟೆ ಕಣ್ಣಿಡಿ. ಒಗ್ಗಿದರೆ ವಾರಕ್ಕೆ ಎರಡು ಮೂರು ಸಲ ಕೊಡುತ್ತಲೇ ಇರಿ, ನಿಲ್ಲಿಸಬೇಡಿ. ಗೇರುಬೀಜವೂ ಹೀಗೆಯೇ, ಆದರೆ ಬೇರೆ ದಿನ. ಇಡೀ ಬೀಜ ಗಂಟಲಲ್ಲಿ ಸಿಕ್ಕುತ್ತದೆ, ಕೊಡಲೇಬಾರದು.

ಎಕ್ಸಿಮಾ ಜೋರಾಗಿರುವ ಮಗುವಿಗೆ ನೆಲಕಡಲೆಗೆ ಮೊದಲು ಮಕ್ಕಳ ಡಾಕ್ಟರರನ್ನು ಕಾಣಿ. ಬಾಯಿ ಸುತ್ತ ಎರಡು ದದ್ದು ಎದ್ದರೆ ಅಂದಿಗೆ ನಿಲ್ಲಿಸಿ ಡಾಕ್ಟರರಿಗೆ ತಿಳಿಸಿ. ತುಟಿ, ಮುಖ ಊದಿದರೆ, ಮತ್ತೆ ಮತ್ತೆ ವಾಂತಿಯಾದರೆ, ಉಸಿರು ಸುಯ್ಯೆಂದರೆ ಅಥವಾ ಮಗು ಸೋತು ಬಿದ್ದರೆ ತಡಮಾಡದೆ 108ಕ್ಕೆ ಕರೆಮಾಡಿ.