ಮಹಿಳಾ ಗ್ರಾಮಸಭೆಗೆ ಹೆಂಗಸರು ಬಂದ ಕಥೆ: ನನ್ನ ಅನುಭವ

"ಊಟ ಹಾಕಿಸಿದ್ರೂ ಹೆಂಗಸರು ಬರಲ್ಲ ಕಣಮ್ಮ. ಸುಮ್ನೆ ಸಹಿ ಹಾಕಿಸಿಕೊಂಡು ಮುಗಿಸು." ನಾನು ಗ್ರಾಮ ಪಂಚಾಯಿತಿ ಸದಸ್ಯೆಯಾಗಿ ಗೆದ್ದ ಹೊಸದರಲ್ಲಿ, ಊರ ಹೆಂಗಸರು ಕೂತು ಬೇಡಿಕೆ ಹೇಳುವ ಮಹಿಳಾ ಗ್ರಾಮಸಭೆ ಬಗ್ಗೆ ಹಿರಿಯ ಸದಸ್ಯರೊಬ್ಬರು ನನಗೆ ಹೇಳಿದ ಮಾತಿದು. ಮೂರನೇ ವರ್ಷ 160 ಜನ ಬಂದು ಕೂತಾಗ ಬಾಗಿಲಲ್ಲಿ ನಿಂತು ತಲೆ ಎಣಿಸಿದವರೂ ಅವರೇ.

ನಾನು ಮಧುಗಿರಿ ಕಡೆಯವಳು. 2020ರ ಡಿಸೆಂಬರ್ ಚುನಾವಣೆಯಲ್ಲಿ ಸಾಮಾನ್ಯ ಮಹಿಳೆ ಸೀಟಿನಲ್ಲಿ ಗೆದ್ದೆ. ಶೇ. 50 ಮೀಸಲಾತಿ, ಹಾಗಾಗಿ ಸದಸ್ಯರಲ್ಲಿ ಅರ್ಧ ನಾವೇ. ನಮ್ಮ ಸೋದರತ್ತೆ 1987ರಲ್ಲೇ, ಗ್ರಾಮ ಪಂಚಾಯಿತಿಗೆ ಮುಂಚೆ ಇದ್ದ ಮಂಡಲ ಪಂಚಾಯಿತಿಗೆ ಗೆದ್ದಿದ್ದರು, ಆಗ ಶೇ. 25 ಇತ್ತು. "ನಮ್ಮನ್ನ ಸಭೆಗೆ ಕರೀತಿರಲಿಲ್ಲ, ಸಹಿ ಪುಸ್ತಕ ಮನೆಗೇ ಬರೋದು" ಅನ್ನುತ್ತಿದ್ದರು. ಪುಸ್ತಕ ನಮ್ಮ ಕಾಲದಲ್ಲೂ ಮನೆಗೇ ಬರುತ್ತಿತ್ತು!

ಮೊದಲ ವರ್ಷ ಬೆಳಿಗ್ಗೆ 11ಕ್ಕೆ ಸಭೆ ಇಟ್ಟೆವು, ಅದೂ ಕಡಲೆಕಾಯಿ ಕೀಳುವ ಕಾಲದಲ್ಲಿ. ಬಂದವರು ಹನ್ನೊಂದೋ ಹನ್ನೆರಡೋ ಜನ. ಅದರಲ್ಲಿ ಅರ್ಧ ಅಂಗನವಾಡಿಯವರು, ಆಶಾದವರು.

ಎರಡನೇ ವರ್ಷ ಹಟಕ್ಕೆ ಬಿದ್ದೆ. ಶಾಮಿಯಾನಕ್ಕೆ ಎರಡೂವರೆ ಸಾವಿರ, ಚಿತ್ರಾನ್ನ ಮೊಸರನ್ನಕ್ಕೆ ಐದು ಸಾವಿರದ ಹತ್ತಿರ, ಎಲ್ಲಾ ನನ್ನ ಕೈಯಿಂದ. ಎಂಬತ್ತು ಜನ ಉಂಡರು. ಊಟಕ್ಕೆ ಮುಂಚೆ ಕೂತಿದ್ದವರು ಇಪ್ಪತ್ತು ಚಿಲ್ಲರೆ. ಮುಂದಿನ ಕುರ್ಚಿಗಳಲ್ಲಿ ಸದಸ್ಯೆಯರ ಗಂಡಂದಿರು. ಮೈಕು ಅವರ ಕೈಯಲ್ಲೇ. ಮನೆಗೆ ಹೋದರೆ ನಮ್ಮನೆಯವರಿಂದ ಬೈಗುಳ ಬೇರೆ.

ವಾಟ್ಸಾಪ್ ಗುಂಪೂ ಮಾಡಿ ನೋಡಿದೆ. ನೂರ ನಲವತ್ತು ನಂಬರ್ ಸೇರಿಸಿ ಧ್ವನಿ ಸಂದೇಶ ಕಳಿಸಿದರೆ ಕೇಳಿದವರೆಲ್ಲ ಗಂಡ, ಮಕ್ಕಳು. ಫೋನು ಅವರದೇ ಅಲ್ವಾ! ರಂಗೋಲಿ ಸ್ಪರ್ಧೆ ಇಟ್ಟೆ. ರಂಗೋಲಿ ಹಾಕಿ, ಬಹುಮಾನ ತಗೊಂಡು ಹೋದರು.

ಆಮೇಲೆ ಹೊಳೆಯಿತು. ಹೆಂಗಸರು ವಾರಕ್ಕೊಮ್ಮೆ ಕೂರುವ ಜಾಗ ಆಗಲೇ ಇದೆ, ಸ್ವಸಹಾಯ ಸಂಘದ ಉಳಿತಾಯದ ಸಭೆ. ನಮ್ಮ ಪಂಚಾಯಿತಿಯಲ್ಲಿ ಸ್ತ್ರೀಶಕ್ತಿ, ಸಂಜೀವಿನಿ ಎಲ್ಲಾ ಸೇರಿ ಇಪ್ಪತ್ತರ ಮೇಲೆ ಸಂಘಗಳಿವೆ. ಎರಡು ತಿಂಗಳು ರಾತ್ರಿ ಎಂಟರ ಮೇಲೆ ಒಂದೊಂದಕ್ಕೂ ಹೋದೆ. ಅವರು ಕಂತು ಕಟ್ಟಿ ಮುಗಿಯುವವರೆಗೆ ನಾನು ಬಾಯಿ ಬಿಡುತ್ತಿರಲಿಲ್ಲ. ಆಮೇಲೆ ಒಂದೇ ಮಾತು: ಸಂಘಕ್ಕೆ ಎರಡೇ ಬೇಡಿಕೆ, ಉಳಿತಾಯದ ಪುಸ್ತಕದ ಕೊನೆ ಹಾಳೆಯಲ್ಲಿ ಬರೆಯಿರಿ. ಮೂರನೆಯದು ಕೇಳಿದವರ ಜೊತೆ ಜಗಳವೇ ಆಯಿತು. ಪೆಟ್ರೋಲಿಗೆ ಎರಡು ಸಾವಿರ ಹೋಗಿರಬಹುದು.

ಮೂರನೇ ವರ್ಷದ ಸಭೆ ದಿನ ಕುರ್ಚಿ ತೆಗೆಸಿ ಬರೀ ಜಮಖಾನ ಹಾಸಿಸಿದೆ. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನ ಗಂಡಂದಿರು ಕೆಳಗೆ ಕೂರಲ್ಲ. ಹತ್ತು ನಿಮಿಷ ಗೋಡೆಗೆ ಒರಗಿ ನಿಂತು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಸಮಯ ಮಧ್ಯಾಹ್ನ ಮೂರು, ಡೈರಿಗೆ ಹಾಲು ಹಾಕೋ ಹೊತ್ತಿಗೆ ಮುಗಿಯಲೇಬೇಕು. ಟೀ, ಮಂಡಕ್ಕಿ ಸೇರಿ ಒಂಬೈನೂರು ಖರ್ಚು.

ನಲವತ್ತು ಬೇಡಿಕೆಯಲ್ಲಿ ಮುಕ್ಕಾಲು ಪಾಲು ನೀರು, ಚರಂಡಿ. 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಕೇಂದ್ರದಿಂದ ಪಂಚಾಯಿತಿಗೆ ಬರುತ್ತಿದ್ದ ದುಡ್ಡಲ್ಲಿ ಶೇ. 60 ಆಗ ನೀರು, ನೈರ್ಮಲ್ಯಕ್ಕೇ ಹೋಗಬೇಕಿತ್ತು. ಹಾಗಾಗಿ "ಅನುದಾನ ಇಲ್ಲ" ಅನ್ನೋಕೆ ಯಾರಿಗೂ ಬಾಯಿ ಬರಲಿಲ್ಲ. ಹಿಂದಿನ ವರ್ಷ ಅದೇ ದುಡ್ಡಲ್ಲಿ ಯಾರ ಮನೆ ಮುಂದೆ ಚರಂಡಿ ಆಯ್ತು ಅಂತ ನಾನು ಹೇಳಲ್ಲ. ಒಂಬತ್ತು ಕೆಲಸ ಪಂಚಾಯಿತಿಯ ವರ್ಷದ ಕೆಲಸಗಳ ಪಟ್ಟಿಗೆ, ಅಂದರೆ ಕ್ರಿಯಾ ಯೋಜನೆಗೆ ಸೇರಿದವು. ಎರಡು ಚರಂಡಿ, ಒಂದು ನೀರಿನ ತೊಂಬೆ ಮುಗಿದಿವೆ. ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು ಬಂದಿದೆ, ನೀರು ಇನ್ನೂ ಬಂದಿಲ್ಲ.

ಸಭೆಯ ತೀರ್ಮಾನ ಬರೆದಿಡುವ ನಡವಳಿಯನ್ನು ಅದೇ ದಿನ, ಅಲ್ಲೇ, ಎಲ್ಲರ ಮುಂದೆ ಬರೆಸಿದ್ದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯಲ್ಲ, ಎದುರು ಸಿಕ್ಕಾಗ ಕೇಳಿ. ಜಮಖಾನ ಬೇಕಾದರೆ ಕೊಡುತ್ತೇನೆ. ಪಕ್ಕದ ಪಂಚಾಯಿತಿಯವರು ಒಯ್ದು ಎರಡು ವಾರ ಆಯ್ತು, ಒಗೆದು ವಾಪಸ್ ಕೊಡಿ ಅಂದಿದ್ದೇನೆ.