ಚೀನೀ ಅಕ್ಷರ ಡಬ್ಬಿಯಾಗಿ ಕಂಡಾಗ: ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಸರಿಮಾಡಿದ ಕಥೆ

ನಮ್ಮದು ಕೊಡಗಿನ ಗೋಣಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಪಕ್ಕದ ತೋಟದ ಮಾವ (ಸಂಬಂಧ ಏನಿಲ್ಲ, ಚಿಕ್ಕಂದಿನಿಂದ ಹಾಗೇ ಕರೆದು ಅಭ್ಯಾಸ) ಆನ್‌ಲೈನ್‌ನಲ್ಲಿ ತೇವಾಂಶ ಅಳೆಯುವ ಮೀಟರ್ ತರಿಸಿದ್ದರು. ಚೀನಾದ್ದು. ಒಣಗಿದ ಕಾಫಿಯನ್ನು ಹಾಕಿದರೆ ಒಂದು ಸಲ 7 ಅನ್ನುತ್ತೆ, ಇನ್ನೊಂದು ಸಲ 16. ಮೀಟರ್‌ನಲ್ಲಿ ಭತ್ತ, ಗೋಧಿ, ಜೋಳ ಹೀಗೆ ಒಂದೊಂದು ಕಾಳಿಗೂ ಒಂದೊಂದು ನಂಬರ್ ಇರುತ್ತೆ, ಕಾಫಿಯ ನಂಬರ್ ಯಾವುದು ಅಂತ ಗೊತ್ತಿಲ್ಲದೆ ಒತ್ತಿದರೆ ಇನ್ನೇನಾಗುತ್ತೆ. ಜೊತೆಗೆ ಬಂದ ಪೆನ್‌ಡ್ರೈವ್ ತಂದು ನನ್ನ ಕೈಗೆ ಕೊಟ್ಟು, "ನಿನ್ನ ಕಂಪ್ಯೂಟರ್‌ನಲ್ಲಿ ಏನಾದ್ರೂ ಓದೋಕಾಗುತ್ತಾ ನೋಡು ಮಾರಾಯ, ಇಲ್ಲಾಂದ್ರೆ ಮೊದಲಿನ ಹಾಗೆ ಹಲ್ಲಲ್ಲಿ ಕಚ್ಚಿ ನೋಡೋದೇ ವಾಸಿ" ಅಂದರು.

ನನ್ನದು ಹಳೇ ಲ್ಯಾಪ್‌ಟಾಪ್. ಅದರಲ್ಲಿ ವಿಂಡೋಸ್ ಬದಲು ಡೆಬಿಯನ್ ಲಿನಕ್ಸ್ ಇದೆ. ಜಾಗ ಉಳಿಸೋಕೆ ಅಂತ ಬೇಕಾದಷ್ಟೇ ಹಾಕಿಕೊಂಡಿದ್ದೆ. ಕನ್ನಡ, ಇಂಗ್ಲಿಷ್ ಫಾಂಟ್ ಬಿಟ್ಟರೆ ಬೇರೇನೂ ಇಲ್ಲ. ಅದು ಕಕ್ಕಡ ತಿಂಗಳು ಬೇರೆ. ಹೊರಗೆ ಬಿಡದ ಮಳೆ, ಕರೆಂಟ್ ಬಂದು ಹೋಗಿ ಮಾಡುತ್ತಿತ್ತು. ಮೊಬೈಲ್‌ಗೆ ಸಿಗ್ನಲ್ ಬೇಕಾದರೆ ಜಗಲಿಯ ಮೂಲೆಗೆ ಹೋಗಿ ನಿಲ್ಲಬೇಕು.

ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಒಂದು ಜಿಪ್ ಫೈಲ್. ಬಿಚ್ಚಿದೆ. ಮೂರು ಫೈಲ್ ಬಂದವು, ಮೂರರ ಹೆಸರೂ ಗೋಜಲು. ಒಂದು ಟೆಕ್ಸ್ಟ್ ಫೈಲ್ ತೆರೆದರೆ ಒಳಗೂ ಅದೇ ಕಥೆ, ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಟೋಪಿ, ಚುಕ್ಕಿ, ಗೀಟು. ನಾನು ಮಾಡಿದ ಮೊದಲ ದಡ್ಡತನ ಇಲ್ಲೇ. ಫಾಂಟ್ ಇಲ್ಲ ಅಂದುಕೊಂಡು ಜಗಲಿಯಲ್ಲಿ ಮೊಬೈಲ್ ಹಿಡಿದು ಅರ್ಧ ಗಂಟೆ ನಿಂತು ಫಾಂಟ್ ಇಳಿಸೋಕೆ ನೋಡಿದೆ. ಅರ್ಧದಲ್ಲಿ ನಿಂತುಹೋಯಿತು. ಇಳಿದಿದ್ದರೂ ಆ ಗೋಜಲು ಒಂದಿಷ್ಟೂ ಸರಿಯಾಗುತ್ತಿರಲಿಲ್ಲ.

ಯಾಕೆ ಅಂದರೆ ಗೋಜಲು ಫಾಂಟಿನ ತೊಂದರೆ ಅಲ್ಲ. ನುಡಿ ತಂತ್ರಾಂಶದಲ್ಲಿ ಹಳೇ ಫಾಂಟ್ ಬಳಸಿ ಟೈಪ್ ಮಾಡಿದ ಪತ್ರವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದವರಿಗೆಲ್ಲ ಈ ತರದ ಕಸ ನೋಡಿ ಗೊತ್ತು. ಅಲ್ಲಿ ಫಾಂಟ್ ಹಾಕಿದರೆ ಸರಿಹೋಗುತ್ತೆ, ಇಲ್ಲಿ ಹೋಗಲ್ಲ. ಕಂಪ್ಯೂಟರ್ ಅಕ್ಷರವನ್ನು ನಂಬರ್ ಆಗಿ ಉಳಿಸುತ್ತೆ, ಯಾವ ಅಕ್ಷರಕ್ಕೆ ಯಾವ ನಂಬರ್ ಅನ್ನೋ ಪಟ್ಟಿಗೆ ಎನ್‌ಕೋಡಿಂಗ್ ಅಂತಾರೆ. ಎಲ್ಲ ಭಾಷೆಗೂ ಸೇರಿ ಒಂದೇ ಪಟ್ಟಿ ಮಾಡಿದ ಯೂನಿಕೋಡ್‌ಗೆ ಮೊದಲೇ ಚೀನಾದಲ್ಲಿ ಜಿಬಿ2312 ಅಂತ ತಮ್ಮದೇ ಎನ್‌ಕೋಡಿಂಗ್ ಇತ್ತು, 1980ರದ್ದು. ಆಮೇಲೆ ಜಿಬಿಕೆ, ಅದಾದ ಮೇಲೆ ಜಿಬಿ18030. ಅಲ್ಲಿನ ಎಷ್ಟೋ ವಿಂಡೋಸ್ ಪ್ರೋಗ್ರಾಂಗಳು ಈಗಲೂ ಫೈಲನ್ನು ಹೀಗೇ ಉಳಿಸುತ್ತವೆ. ನನ್ನ ಲಿನಕ್ಸ್ ಅದನ್ನು ಬೇರೆ ಏನೋ ಅಂದುಕೊಂಡು ಓದಿದೆ, ಅಷ್ಟೇ.

ಗೊತ್ತಾದ ಮೇಲೆ ಕೆಲಸ ಹತ್ತು ನಿಮಿಷದ್ದು. ಜಿಪ್ ಬಿಚ್ಚೋಕೆ ‘ಅನಾರ್’ ಅಂತ ಒಂದು ಚಿಕ್ಕ ಪ್ರೋಗ್ರಾಂ ಇದೆ, ಹೆಸರುಗಳ ಎನ್‌ಕೋಡಿಂಗನ್ನು ತಾನೇ ಊಹಿಸಿಕೊಳ್ಳುತ್ತೆ. ಟೆಕ್ಸ್ಟ್ ಫೈಲಿಗೆ ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ‘ಐಕಾನ್ವ್’ ಆಜ್ಞೆ: ಹೈಫನ್ ಎಫ್ ಆದ ಮೇಲೆ ಜಿಬಿ18030, ಹೈಫನ್ ಟಿ ಆದ ಮೇಲೆ ಯುಟಿಎಫ್-8 (ಯೂನಿಕೋಡನ್ನು ಫೈಲಿನಲ್ಲಿ ಉಳಿಸುವ ಮಾಮೂಲಿ ರೀತಿ), ಆಮೇಲೆ ಹಳೇ ಫೈಲಿನ ಹೆಸರು, ಬಾಣದ ಗುರುತು, ಹೊಸ ಫೈಲಿನ ಹೆಸರು. (ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಹಾಕಿ.) ಜಿಬಿಕೆಯೋ ಜಿಬಿ2312ಓ ಅಂತ ತಲೆ ಕೆಡಿಸಿಕೊಳ್ಳಬೇಡಿ, ಜಿಬಿ18030 ಅಂದರೆ ಆ ಎರಡೂ ಅದರೊಳಗೇ ಬಂದವು. ಒಂದು ಮಾತು: ಗೋಜಲಾಗಿ ತೆರೆದ ಫೈಲನ್ನು ಹಾಗೇ ಸೇವ್ ಮಾಡಲೇಬೇಡಿ. ಮೂಲ ಫೈಲ್ ಕೆಟ್ಟು ಕೂತುಕೊಳ್ಳುತ್ತೆ. ಕಾಪಿ ಇಟ್ಟುಕೊಂಡೇ ಆಟ ಆಡಿ.

ಹೊಸ ಫೈಲ್ ತೆರೆದರೆ ಉದ್ದಕ್ಕೂ ಡಬ್ಬಿಗಳು. ಮಾವ "ಇದು ಮೊದಲಿಗಿಂತ ಕೆಟ್ಟೋಯ್ತಲ್ಲ" ಅಂದರು. ನನಗೆ ಮಾತ್ರ ಖುಷಿ. ಡಬ್ಬಿಯನ್ನು ದೊಡ್ಡದು ಮಾಡಿ ನೋಡಿದರೆ ಒಳಗೆ ಪುಟ್ಟದಾಗಿ ನಾಲ್ಕು ಅಂಕಿ-ಅಕ್ಷರ, ‘4ಇ2ಡಿ’ ಅಂತ. ಅದು ಯೂನಿಕೋಡ್‌ನಲ್ಲಿ ಆ ಅಕ್ಷರದ ನಂಬರ್, ಚೀನೀಯರು ಎಲ್ಲೆಲ್ಲೂ ಬಳಸುವ ‘ನಡು’ ಅನ್ನುವ ಅಕ್ಷರ. ಅಂದರೆ ಒಳಗಿನ ವಿಷಯ ಸರಿ ಇದೆ, ಬರೆದು ತೋರಿಸೋಕೆ ಫಾಂಟ್ ಇಲ್ಲ. ಈಗ ಫಾಂಟ್ ಹಾಕಿದರೆ ಉಪಯೋಗ ಇದೆ. ಇನ್ನು ಬರೀ ಪ್ರಶ್ನೆ ಚಿಹ್ನೆಗಳೇ ತುಂಬಿದ ಫೈಲ್ ಬಂದರೆ ಸುಮ್ನೆ ಒದ್ದಾಡಬೇಡಿ, ಮಧ್ಯದಲ್ಲಿ ಯಾರೋ ತಪ್ಪಾಗಿ ಬದಲಾಯಿಸುವಾಗ ಅಕ್ಷರವೇ ಹೋಗಿರುತ್ತೆ. ಕಳಿಸಿದವರ ಹತ್ತಿರ ಮತ್ತೆ ಕೇಳಬೇಕು.

ಈ ಡಬ್ಬಿಗೆ ಫಾಂಟ್ ಕೆಲಸದವರು ‘ತೋಫು’ ಅಂತಾರೆ, ಸೋಯಾ ಪನೀರಿನ ತುಂಡಿನ ಹಾಗೆ ಕಾಣುತ್ತಲ್ಲ. ಅದು ಕಾಣಬಾರದು ಅಂತಲೇ ಗೂಗಲ್ ಮಾಡಿಸಿದ ಫಾಂಟ್‌ಗಳಿಗೆ ನೋಟೋ ಅಂತ ಹೆಸರು, ‘ನೋ ತೋಫು’. ಚೀನೀ, ಜಪಾನೀ, ಕೊರಿಯನ್ ಮೂರನ್ನೂ ಸೇರಿಸಿದ ನೋಟೋ ಸಾನ್ಸ್ ಸಿಜೆಕೆ 2014ರಲ್ಲಿ ಬಂತು, ಅಡೋಬಿ ಜೊತೆ ಸೇರಿ ಮಾಡಿದ್ದು. ಒಂದು ಫಾಂಟ್ ಫೈಲಿನಲ್ಲಿ ಹೆಚ್ಚೆಂದರೆ 65,535 ಆಕಾರ ಹಿಡಿಯುತ್ತೆ, ಇದು ಆ ಅಂಚಿನವರೆಗೂ ತುಂಬಿಕೊಂಡಿದೆ. ಹಾಗಾಗಿ ತೂಕ ಜಾಸ್ತಿ, 50-60 ಎಂಬಿ. ನಮ್ಮ ಜಗಲಿಯ ಸಿಗ್ನಲ್‌ಗೆ ಅದು ಆಗದ ಮಾತು. ಅವತ್ತಿಗೆ ‘ಫಾಂಟ್ಸ್-ಡಬ್ಲ್ಯೂಕ್ಯೂವೈ-ಮೈಕ್ರೋಹೇ’ ಅನ್ನೋ ಪ್ಯಾಕೇಜ್ ಹಾಕಿದೆ, ಕೆಲವೇ ಎಂಬಿ. ‘ಎಫ್‌ಸಿ-ಕ್ಯಾಶ್’ (ಫಾಂಟ್‌ಗಳ ಪಟ್ಟಿಯನ್ನು ಹೊಸದು ಮಾಡುವ ಆಜ್ಞೆ) ಓಡಿಸಿ ಎಡಿಟರ್ ಮುಚ್ಚಿ ತೆರೆದರೆ ಡಬ್ಬಿ ಹೋಗಿ ಅಕ್ಷರ ಬಂತು. ಎರಡು ದಿನ ಬಿಟ್ಟು ಗೋಣಿಕೊಪ್ಪಕ್ಕೆ ಹೋದಾಗ ಸ್ನೇಹಿತನ ಅಂಗಡಿಯ ವೈಫೈನಲ್ಲಿ ‘ಫಾಂಟ್ಸ್-ನೋಟೋ-ಸಿಜೆಕೆ’ ಇಳಿಸಿಕೊಂಡೆ.

ಆದರೆ ಮೀಟರ್‌ನ ಕಾಳುಗಳ ನಂಬರ್ ಪಟ್ಟಿ ಇದ್ದದ್ದು ಜಿಪ್‌ನಲ್ಲಿದ್ದ ಇನ್ನೊಂದು ಫೈಲಿನಲ್ಲಿ, ಪಿಡಿಎಫ್‌ನಲ್ಲಿ. ಅದನ್ನು ತೆರೆದರೆ ಚಿತ್ರಗಳಿವೆ, ಅಂಕಿಗಳಿವೆ, ಅಕ್ಷರ ಇರಬೇಕಾದ ಕಡೆ ಬಿಳಿ ಖಾಲಿ. ಫಾಂಟ್ ಹಾಕಿದ ಮೇಲೂ ಖಾಲಿ! ಪಿಡಿಎಫ್ ಓದುವ ಪ್ರೋಗ್ರಾಂ ಅನ್ನು ಟರ್ಮಿನಲ್‌ನಿಂದ ತೆರೆದಾಗ ಬೈಗುಳ ಕಾಣಿಸಿತು: ‘ಅಡೋಬಿ-ಜಿಬಿ1’ಗೆ ಬೇಕಾದ ಭಾಷಾ ಪ್ಯಾಕ್ ಇಲ್ಲ ಅಂತ. ‘ಪಿಡಿಎಫ್‌ಫಾಂಟ್ಸ್’ ಆಜ್ಞೆ ಹಾಕಿ ನೋಡಿದರೆ ಫಾಂಟ್ ಹೆಸರು ಸಿಮ್‌ಸುನ್, ‘ಎಂಬ್’ (ಎಂಬೆಡೆಡ್) ಕಾಲಂನಲ್ಲಿ ‘ನೋ’. ಪಿಡಿಎಫ್ ಮಾಡಿದವರು ಫಾಂಟನ್ನು ಒಳಗೆ ಸೇರಿಸಿಲ್ಲ, ವಿಂಡೋಸ್‌ನಲ್ಲಿ ಹೇಗೂ ಇರುತ್ತಲ್ಲ ಅಂತ ಬಿಟ್ಟಿದ್ದಾರೆ. ‘ಪಾಪ್ಲರ್-ಡೇಟಾ’ ಅನ್ನೋ ಪ್ಯಾಕೇಜ್ ಹಾಕಿದ ಮೇಲೆ ಪುಟ ತುಂಬಿತು. ಇದು ಫಾಂಟ್ ಅಲ್ಲ, ಯಾವ ನಂಬರಿಗೆ ಯಾವ ಅಕ್ಷರ ಅನ್ನೋ ಪಟ್ಟಿ. ಇದೊಂದು ನನಗೆ ಅರ್ಧ ದಿನ ತಿಂದಿತು.

ನೋಟೋ ಹಾಕಿದ ಮೇಲೆ ಇನ್ನೊಂದು ತಮಾಷೆ ಆಯ್ತು. ಯೂನಿಕೋಡ್‌ನಲ್ಲಿ ಚೀನೀ, ಜಪಾನೀ ಎರಡಕ್ಕೂ ಒಂದೇ ನಂಬರ್ ಕೊಟ್ಟ ಅಕ್ಷರಗಳು ಸಾವಿರಾರು, ಆಕಾರದಲ್ಲಿ ಮಾತ್ರ ಸಣ್ಣ ವ್ಯತ್ಯಾಸ. ‘ಮೂಳೆ’ ಅನ್ನುವ ಅಕ್ಷರ ನೋಡಿ, ಮೇಲ್ಭಾಗದ ಒಳಗಿರುವ ಪುಟ್ಟ ಮೂಲೆ ಚೀನಾದವರ ಬರವಣಿಗೆಯಲ್ಲಿ ಎಡಕ್ಕೆ, ಜಪಾನಿನವರದ್ದರಲ್ಲಿ ಬಲಕ್ಕೆ. ನನ್ನ ಲ್ಯಾಪ್‌ಟಾಪ್ ಚೀನೀ ಬರಹವನ್ನು ಜಪಾನೀ ಆಕಾರದಲ್ಲಿ ತೋರಿಸುತ್ತಿತ್ತು, ಅಲ್ಲೊಂದು ಇಲ್ಲೊಂದು ಅಕ್ಷರ ಬೇರೆ ತರ. ಮೀಟರ್ ಪುಸ್ತಕ ಓದೋಕೆ ಇದು ಅಡ್ಡಿ ಏನಲ್ಲ, ಆದರೂ ಕೈ ಸುಮ್ಮನಿರಲ್ಲ ಅಲ್ವಾ. ಯಾವ ಫಾಂಟ್ ಮೊದಲು ಅಂತ ಹೇಳುವ, ಮನೆ ಫೋಲ್ಡರ್‌ನ ಫಾಂಟ್‌ಕಾನ್ಫಿಗ್ ಸೆಟ್ಟಿಂಗ್ ಫೈಲಿನಲ್ಲಿ ನೋಟೋ ಸಾನ್ಸ್ ಸಿಜೆಕೆ ಎಸ್‌ಸಿ (ಸರಳ ಚೀನೀ) ಅನ್ನು ಎಲ್ಲಕ್ಕಿಂತ ಮೇಲೆ ಬರೆದೆ. ಮೆನುಗಳ ಇಂಗ್ಲಿಷ್ ಅಕ್ಷರವೆಲ್ಲ ಬೇರೆ ರೂಪಕ್ಕೆ ತಿರುಗಿತು! ಆ ಚೀನೀ ಫಾಂಟ್ ಒಳಗೆ ಇಂಗ್ಲಿಷೂ ಇದೆ, ಹಾಗಾಗಿ. ನಾನು ಮಾಮೂಲಿ ಬಳಸುವ ಫಾಂಟ್ ಮೊದಲು, ನೋಟೋ ಕನ್ನಡ ಎರಡನೇದು, ಆಮೇಲೆ ಎಸ್‌ಸಿ, ಕೊನೆಗೆ ಜಪಾನೀ ಜೆಪಿ ಅಂತ ಸಾಲು ಬದಲಿಸಿದ ಮೇಲೆ ಎಲ್ಲ ಅವರವರ ಜಾಗಕ್ಕೆ ಬಂದರು. ಸರಿ ಆಯ್ತಾ ಅಂತ ನೋಡೋಕೆ ‘ಎಫ್‌ಸಿ-ಮ್ಯಾಚ್’ ಸಾಕು, ಯಾವ ಫಾಂಟ್ ಆರಿಸುತ್ತೆ ಅಂತ ಒಂದೇ ಸಾಲಲ್ಲಿ ಹೇಳುತ್ತೆ.

ವಿಂಡೋಸ್‌ನವರಿಗೆ ಇಷ್ಟು ಕಷ್ಟ ಇಲ್ಲ, ಚೀನೀ ಫಾಂಟ್ ಅದರಲ್ಲೇ ಬಂದಿರುತ್ತೆ. ಹಳೇ ಚೀನೀ ಪ್ರೋಗ್ರಾಂನ ಬಟನ್‌ಗಳು ಗೋಜಲಾಗಿ ಕಂಡರೆ ಮಾತ್ರ ರೀಜನ್ ಸೆಟ್ಟಿಂಗ್‌ನ ಅಡ್ಮಿನಿಸ್ಟ್ರೇಟಿವ್ ಟ್ಯಾಬ್‌ಗೆ ಹೋಗಿ ಸಿಸ್ಟಮ್ ಲೊಕೇಲ್ ಅನ್ನು ಸರಳ ಚೀನೀಗೆ ಬದಲಿಸಿ ರೀಸ್ಟಾರ್ಟ್ ಮಾಡಬೇಕು. ಕೆಲಸ ಮುಗಿದ ಮೇಲೆ ವಾಪಸ್ ಹಾಕಿ, ಅದು ಇಡೀ ಕಂಪ್ಯೂಟರ್‌ಗೆ ಅನ್ವಯ ಆಗುತ್ತೆ.

ಪಿಡಿಎಫ್‌ನಿಂದ ಪಟ್ಟಿಯನ್ನು ಕಾಪಿ ಮಾಡಿ ಅನುವಾದಕ್ಕೆ ಹಾಕಿದೆ. ಕಾಫಿ ಬೀಜ ಹದಿನೇಳನೇ ನಂಬರ್. ಅಷ್ಟು ದಿನ ಮಾವ ಒತ್ತುತ್ತಿದ್ದದ್ದು ಒಂದು ಸಲ ಕಡಲೆಕಾಯಿಯದು, ಇನ್ನೊಂದು ಸಲ ಸೋಯಾದ್ದು. ಗೋಡೌನ್‌ನಿಂದ ಒಂದು ಹಿಡಿ ತಂದು ಹಾಕಿದರು, 11.2 ತೋರಿಸಿತು. ಮತ್ತೆ ಹಾಕಿದರು, 11.3. ಆದರೂ ಎರಡು ಬೀಜ ತೆಗೆದು ಹಲ್ಲಲ್ಲಿ ಕಚ್ಚಿ ನೋಡಿದರು, ಆಮೇಲೆಯೇ ತಲೆ ಆಡಿಸಿದ್ದು.